ಲೆನಾಲಿಡೊಮೈಡ್ ಕ್ಯಾಪ್ಸೂಲ್: ಅಪ್ಪನ ಹದಿನಾಲ್ಕು ಸೈಕಲ್ ಆದ ಮೇಲೆ

ಔಷಧಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅದರ ಪ್ಯಾಕಿಂಗ್‌ಗೆ ಎರಡೇ.

ಅಪ್ಪನಿಗೆ ಮಲ್ಟಿಪಲ್ ಮೈಲೋಮಾ, ಅಂದರೆ ಮೂಳೆಮಜ್ಜೆಯ ಕ್ಯಾನ್ಸರ್. ತೋಟದ ಕೆಲಸದ ಬೆನ್ನುನೋವು ಅಂದುಕೊಂಡು ಒಂದು ವರ್ಷ ಎಣ್ಣೆ ತಿಕ್ಕಿ, ಊರಿನ ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ನುಂಗಿ ದಿನ ತಳ್ಳಿದ್ದರು. ಬೆಂಗಳೂರಿನಲ್ಲಿ ಗೊತ್ತಾಗುವ ಹೊತ್ತಿಗೆ ಹಿಮೋಗ್ಲೋಬಿನ್ ಇಳಿದಿತ್ತು, ಕಿಡ್ನಿ ಸೋತಿದೆ ಅಂತ ತೋರಿಸುವ ಕ್ರಿಯಾಟಿನಿನ್ ಏರಿತ್ತು. ಆಗ ಶುರುವಾದ ಔಷಧಿಗಳಲ್ಲಿ ಈ ಕ್ಯಾಪ್ಸೂಲ್ ಒಂದು. ಇವತ್ತು ಅಪ್ಪ ತಿಪಟೂರಿನ ಮನೆಯಲ್ಲಿ ಬೆಳಗ್ಗೆ ಎದ್ದು ತೋಟದ ತನಕ ನಡೆದು ಹೋಗುತ್ತಾರೆ, ಕಾಯಿಲೆ ಎಷ್ಟಿದೆ ಅಂತ ರಕ್ತದಲ್ಲಿ ತೋರಿಸುವ ಎಂ ಪ್ರೋಟೀನ್ ಚೆನ್ನಾಗಿ ಇಳಿದಿದೆ. ಹಾಗಾಗಿ ಔಷಧಿಯ ಮೇಲೆ ನನ್ನ ದೂರಿಲ್ಲ. ನುಂಗೋದಕ್ಕೆ ಒಂದೇ ಒಂದು ಚಿಕ್ಕ ಕ್ಯಾಪ್ಸೂಲ್, ಊಟದ ಮುಂಚೆಯೋ ನಂತರವೋ ಅನ್ನೋ ತಕರಾರೂ ಇಲ್ಲ. ಅಷ್ಟು ಸುಲಭ ಇರೋದರಿಂದಲೇ ಮನೆಯಲ್ಲಿ ಎಲ್ಲರೂ ಅದನ್ನು ಬಿಪಿ ಮಾತ್ರೆಯ ಹಾಗೆ ನೋಡೋಕೆ ಶುರು ಮಾಡಿದೆವು. ತಪ್ಪಾಗಿದ್ದು ಅಲ್ಲೇ.

ಈ ಔಷಧಿಯನ್ನು 21 ದಿನ ತೆಗೆದುಕೊಂಡು 7 ದಿನ ಬಿಡಬೇಕು, ಎರಡೂ ಸೇರಿ ಒಂದು ಸೈಕಲ್. ನಮಗೆ ಸಿಕ್ಕಿದ್ದು ಹತ್ತರ ಸ್ಟ್ರಿಪ್, ಮೂರು ಸ್ಟ್ರಿಪ್ ಅಂದರೆ 30. ಮಿಕ್ಕ 9 ಕ್ಯಾಪ್ಸೂಲ್ ಕಣ್ಣ ಮುಂದೆಯೇ ಇರುತ್ತವೆ. ಮೂರನೇ ಸೈಕಲ್‌ನಲ್ಲಿ ಅಪ್ಪ, ಅಷ್ಟು ದುಡ್ಡು ಕೊಟ್ಟು ತಂದಿದ್ದನ್ನು ಯಾಕೆ ಬಿಡೋದು ಅಂತ ರಜೆಯ ವಾರದಲ್ಲೂ ಐದು ದಿನ ನುಂಗಿಬಿಟ್ಟಿದ್ದರು, ನಮಗೆ ಗೊತ್ತಾಗಿದ್ದು ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ ತೀರಾ ಕೆಳಗೆ ಬಂದಾಗ. ಮುಂದಿನ ಸೈಕಲ್ ಎರಡು ವಾರ ತಡವಾಯಿತು. ಆ ಏಳು ದಿನ ಇರೋದೇ ರಕ್ತಕಣಗಳು ಚೇತರಿಸಿಕೊಳ್ಳಲಿ ಅಂತ. ಅದನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆದಿದ್ದರೆ ಏನಾಗುತ್ತಿತ್ತು? ಒಳಗಿನ ಹಾಳೆ ಪೂರ್ತಿ ಇಂಗ್ಲಿಷ್, ಅದೂ ಇರುವೆ ಸಾಲಿನಂಥ ಅಕ್ಷರ. ಹೊರದೇಶಗಳಲ್ಲಿ 21ರ ಪ್ಯಾಕೇ ಸಿಗುತ್ತದೆ, ಇಲ್ಲೂ ಕೊಡಬಹುದಲ್ವಾ?

ಈಗ ನಾವು ಮಾಡೋದು ಹೀಗೆ. 28 ದಿನ ಅಂದರೆ ಸರಿಯಾಗಿ ನಾಲ್ಕು ವಾರ. ಸೋಮವಾರ ಶುರು ಮಾಡಿದರೆ ಮೂರನೇ ಭಾನುವಾರ ಕೊನೆಯ ಕ್ಯಾಪ್ಸೂಲ್, ಆಮೇಲಿನ ವಾರ ರಜೆ, ಮತ್ತೆ ಸೋಮವಾರ. ಗೋಡೆಯ ಕ್ಯಾಲೆಂಡರಿನಲ್ಲಿ ರಜೆಯ ವಾರಕ್ಕೆ ಕೆಂಪು ಗೆರೆ ಹಾಕಿದ್ದೇವೆ, ರಕ್ತ ಪರೀಕ್ಷೆ ಆ ವಾರದಲ್ಲೇ, ಡಾಕ್ಟರು ರಿಪೋರ್ಟ್ ನೋಡಿ ಹೂಂ ಅಂದ ಮೇಲೆಯೇ ಮುಂದಿನದು. ಮಿಕ್ಕ ಕ್ಯಾಪ್ಸೂಲ್ ನನ್ನ ಬೀರುವಿನಲ್ಲಿ, ಅಪ್ಪನ ಕೈಗೆ ಸಿಗೋದಿಲ್ಲ.

ರಾತ್ರಿ ಒಂಬತ್ತಕ್ಕೆ ನುಂಗುತ್ತಾರೆ. ಮರೆತರೆ 12 ಗಂಟೆಯೊಳಗೆ, ಅಂದರೆ ಬೆಳಗ್ಗೆ ಒಂಬತ್ತರ ಒಳಗೆ ನೆನಪಾದರೆ ತೆಗೆದುಕೊಳ್ಳಬಹುದು. ದಾಟಿತೋ, ಬಿಟ್ಟುಬಿಡಬೇಕು. ಮರುದಿನ ಎರಡು ಸೇರಿಸಿ ನುಂಗೋ ಹಾಗಿಲ್ಲ.

ಇನ್ನು ತಂಗಿಯ ವಿಷಯ. ಏಳನೇ ತಿಂಗಳಿಗೆ ಬಾಣಂತನಕ್ಕೆ ಅಂತ ಮನೆಗೆ ಬಂದಳು. ಬಂದ ಎರಡನೇ ದಿನವೇ ಅಪ್ಪನ ಮಾತ್ರೆಗಳನ್ನೆಲ್ಲ ಏಳು ಖಾನೆಯ ಡಬ್ಬಿಗೆ ತುಂಬೋಕೆ ಕೂತಳು. ನಾನು ಓಡಿಹೋಗಿ ಕಿತ್ತುಕೊಂಡೆ, ಪಾಪ ಹೆದರಿಬಿಟ್ಟಳು. ಲೆನಾಲಿಡೊಮೈಡ್ ಅನ್ನೋದು ಥಾಲಿಡೊಮೈಡ್‌ನ ತಮ್ಮ ಇದ್ದ ಹಾಗೆ. ಥಾಲಿಡೊಮೈಡ್ 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು, ಬಸುರಿಯರ ವಾಂತಿಗೂ ಕೊಟ್ಟರು, 1961ರಲ್ಲಿ ಅಲ್ಲಿನ ಅಂಗಡಿಗಳಿಂದ ಹಿಂದಕ್ಕೆ ತೆಗೆಯುವ ಹೊತ್ತಿಗೆ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ್ದವು. ಅದಕ್ಕೇ ಬಸುರಿಯರು ಈ ಕ್ಯಾಪ್ಸೂಲನ್ನೂ ಸ್ಟ್ರಿಪ್ಪನ್ನೂ ಮುಟ್ಟಬಾರದು. ಬೇರೆಯವರು ಮುಟ್ಟಿದರೂ ಗ್ಲೌಸ್ ಹಾಕಿಕೊಂಡು, ಆಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು. ಗಂಡಸರು ಈ ಔಷಧಿಯಲ್ಲಿ ಇರುವಾಗ ಕಾಂಡೋಮ್ ಬಳಸಬೇಕು, ರಕ್ತದಾನ ಮಾಡಬಾರದು, ನಿಲ್ಲಿಸಿದ ಮೇಲೂ ನಾಲ್ಕು ವಾರ. ಇದನ್ನು ನಮ್ಮ ಮನೆಗಳಲ್ಲಿ ಅಪ್ಪನ ಮುಂದೆ ಹೇಳೋಕೆ ಸಂಕೋಚ, ಆದರೆ ಹೇಳಲೇಬೇಕು.

ಅಮ್ಮ ಒಂದು ಸಲ ಕ್ಯಾಪ್ಸೂಲ್ ಬಿಚ್ಚಿ ಜೇನುತುಪ್ಪದಲ್ಲಿ ಕಲಸಿ ಕೊಡಲಾ ಅಂದರು. ಬೇಡವೇ ಬೇಡ. ಬಿಚ್ಚಬಾರದು, ಅಗಿಯಬಾರದು, ಇಡಿಯಾಗಿಯೇ ನೀರಿನಲ್ಲಿ ನುಂಗಬೇಕು. ಈಗ ಇದಕ್ಕೇ ಅಂತ ಒಂದು ಸ್ಟೀಲ್ ಡಬ್ಬಿ ಇದೆ, ಬೇರೆ ಮಾತ್ರೆಗಳ ಜೊತೆ ಸೇರಿಸೋದಿಲ್ಲ, ಸ್ಟ್ರಿಪ್‌ನಿಂದ ಮೊದಲೇ ತೆಗೆದಿಡೋದೂ ಇಲ್ಲ.

ಮಿಲಿಗ್ರಾಂ ನೋಡಿ ತೆಗೆದುಕೊಳ್ಳಿ. ಆಸ್ಪತ್ರೆಯಲ್ಲಿ ಪಕ್ಕ ಕೂತವರಿಗೆ 25, ಅಪ್ಪನಿಗೆ 10. ಅಮ್ಮನಿಗೆ ಕಡಿಮೆ ಔಷಧಿ ಕೊಡುತ್ತಿದ್ದಾರೇನೋ ಅನ್ನೋ ಅನುಮಾನ. ಈ ಔಷಧಿ ಹೊರಗೆ ಹೋಗೋದು ಕಿಡ್ನಿಯ ಮೂಲಕ, ಅಪ್ಪನ ಕಿಡ್ನಿ ಸೋತಿರೋದರಿಂದ ಕಡಿಮೆ ಡೋಸೇ ಸರಿಯಾದ ಡೋಸ್. ಆ ಹಳೇ ನೋವಿನ ಮಾತ್ರೆಗಳನ್ನು ಡಾಕ್ಟರು ಪೂರ್ತಿ ನಿಲ್ಲಿಸಿದ್ದೂ ಕಿಡ್ನಿಗೋಸ್ಕರವೇ.

ಜೊತೆಗೆ ಕೊಟ್ಟ 75 ಮಿಲಿಗ್ರಾಂ ಆಸ್ಪಿರಿನ್ ಅನ್ನು ಅಪ್ಪ, ನನಗೇನು ಹಾರ್ಟ್ ಪ್ರಾಬ್ಲಮ್ಮಾ ಅಂತ ಸುಮ್ನೆ ಬಿಟ್ಟಿದ್ದರು. ಲೆನಾಲಿಡೊಮೈಡ್‌ಗೆ ಡೆಕ್ಸಾಮೆಥಾಸೋನ್ (ಡೆಕ್ಸಾ) ಅನ್ನೋ ಸ್ಟಿರಾಯ್ಡ್ ಮಾತ್ರೆ ಸೇರಿದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ, ಆಸ್ಪಿರಿನ್ ಇರೋದು ಅದಕ್ಕೆ. ಒಂದು ದಿನ ಎಡಗಾಲು ಮಾತ್ರ ಊದಿಕೊಂಡು ಮೀನಖಂಡ ನೋಯತೊಡಗಿತು. ಅವತ್ತೇ ಕರೆದುಕೊಂಡು ಹೋಗಿ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದೆವು, ಹೆಪ್ಪು ಇತ್ತು. ಬೇರೆ ಔಷಧಿ ಕೊಟ್ಟು ಕರಗಿಸಿದರು. ಒಂದೇ ಕಾಲು ಊದಿದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಜ್ವರ 100.4 ದಾಟಿದರೂ ಅಷ್ಟೇ, ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸದೆ ಆಸ್ಪತ್ರೆಗೆ ಫೋನ್ ಮಾಡಿ.

ಡೆಕ್ಸಾ ವಾರಕ್ಕೊಮ್ಮೆ. ರಾತ್ರಿ ಕೊಟ್ಟರೆ ನಿದ್ದೆಯೇ ಇಲ್ಲ. ಬೆಳಗ್ಗೆ ತಿಂಡಿ ತಿಂದ ಮೇಲೆ ಕೊಡುತ್ತೇವೆ. ಶುಗರ್ ಇರುವವರಿಗೆ ಏರುತ್ತದೆ, ಡಾಕ್ಟರಿಗೆ ಮೊದಲೇ ಹೇಳಿ.

ಈಗ ನಾವು ತರುವುದು ಆಸ್ಪತ್ರೆ ಹತ್ತಿರದ ಒಂದು ಚಿಕ್ಕ ಮೆಡಿಕಲ್‌ನಿಂದ. ಅಲ್ಲಿನ ಅಣ್ಣ ಪ್ರತಿ ಸಲ ಚೀಟಿ ನೋಡಿ ಮಿಲಿಗ್ರಾಂ ಜೋರಾಗಿ ಓದುತ್ತಾರೆ, ಹಿಂದಿನದು ಎಷ್ಟು ಮಿಕ್ಕಿದೆ ಕೇಳಿ ಕಡಿಮೆ ಬೀಳುವಷ್ಟು ಸ್ಟ್ರಿಪ್ ಮಾತ್ರ ಕೊಡುತ್ತಾರೆ. ಪೆಟ್ಟಿಗೆಯ ಮೇಲೆ ಮಾರ್ಕರ್‌ನಲ್ಲಿ ಕನ್ನಡದಲ್ಲಿ ಬರೆಯುತ್ತಾರೆ: "ಸೋಮವಾರ ಶುರು, 21 ಆದ ಮೇಲೆ ನಿಲ್ಲಿಸಿ, ಗರ್ಭಿಣಿಯರು ಮುಟ್ಟಬಾರದು." ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ತಾವೇ ಓದಿಕೊಳ್ಳುತ್ತಾರೆ.