ಬೈಕಂಪಾಡಿಯ ನಮ್ಮ ಥರ್ಮಲ್ ಚೇಂಬರ್: ಕೆಲವು ಮಳೆಗಾಲ ಬಳಸಿದ ಮೇಲೆ

ಅಡಿಕೆ ತೋಟದ ಪಂಪನ್ನು ಮೊಬೈಲಿನಿಂದ ಆನ್-ಆಫ್ ಮಾಡುವ ಕಂಟ್ರೋಲರ್ ತಯಾರಿಸುವವರು ನಾವು. ಅದರ ಟೆಸ್ಟಿಂಗ್‌ಗೆ ಅಂತ ತಂದ ಚೇಂಬರ್ ಇದು, ಅಂದರೆ ಒಳಗಿಟ್ಟ ವಸ್ತುವನ್ನು ಬೇಕಾದಷ್ಟು ತಣ್ಣಗೆ, ಬಿಸಿ ಮಾಡುವ ಪೆಟ್ಟಿಗೆ. ಮೈನಸ್ 40ರಿಂದ 150 ಡಿಗ್ರಿವರೆಗೆ ಹೋಗುತ್ತದೆ. ಹಿಂಬದಿಯಲ್ಲಿ ಕಂಪ್ಯೂಟರಿಗೆ ತಂತಿ ಜೋಡಿಸಿ ಯಂತ್ರವನ್ನು ನಡೆಸಲು ಒಂದು ಆರ್‌ಎಸ್-485 ಪೋರ್ಟ್ ಇದೆ. ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿದ್ದು ಆ ಪೋರ್ಟ್‌ನಿಂದ.

ಹಿಮಾಚಲದ ಸೇಬು ತೋಟಕ್ಕೆ ಹೋದ ನಮ್ಮ ಕೆಲವು ಕಂಟ್ರೋಲರ್‌ಗಳು ಚಳಿಗಾಲದಲ್ಲಿ ಬೆಳಗ್ಗೆ ನೆಟ್‌ವರ್ಕ್ ಹಿಡಿಯುತ್ತಿರಲಿಲ್ಲ. ಬಿಸಿಲೇರಿದರೆ ಸರಿ. ಇಲ್ಲಿ ಚೇಂಬರಿಗೆ ಹಾಕಿ, ತಣ್ಣಗೆ ಮಾಡಿ, ಬಾಗಿಲು ತೆಗೆದು ನೋಡುವ ಹೊತ್ತಿಗೆ ಬೋರ್ಡ್ ಬೆಚ್ಚಗಾಗಿ ಸುಮ್ನೆ ಕೆಲಸ ಮಾಡುತ್ತಿತ್ತು. ಆಮೇಲೆ ಪೈಥಾನ್ ಸ್ಕ್ರಿಪ್ಟ್ ಬರೆದು ಚೇಂಬರ್, ಪವರ್ ಸಪ್ಲೈ, ಬೋರ್ಡಿನ ಸೀರಿಯಲ್ ಲಾಗ್ ಮೂರನ್ನೂ ಒಂದೇ ಕಡೆ ಸೇರಿಸಿದೆವು. ಮೈನಸ್ 10ರಲ್ಲಿ ಬಾಗಿಲು ಮುಚ್ಚಿಯೇ ಇರುವಾಗ ಪವರ್ ತೆಗೆದು ಕೊಡುವುದು, ಲಾಗ್ ಓದುವುದು, ಮತ್ತೆ ತೆಗೆಯುವುದು. ರಾತ್ರಿಯಿಡೀ ಇದೇ ಕೆಲಸ. ಬೆಳಗ್ಗೆ ಲಾಗ್‌ನಲ್ಲಿ ಕಾರಣ ಕಣ್ಣೆದುರೇ ಇತ್ತು. ಮೊಬೈಲ್ ನೆಟ್‌ವರ್ಕ್ ಹಿಡಿಯುವ ಜಿಎಸ್‌ಎಂ ಮೋಡೆಮ್ ಸಿಗ್ನಲ್ ಕಳಿಸುವಾಗ ಕ್ಷಣ ಕಾಲ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಆ ಕ್ಷಣಕ್ಕೆ ಕರೆಂಟ್ ಒದಗಿಸಬೇಕಾದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನ ಒಳ ರೋಧ ಚಳಿಗೆ ಏರುತ್ತದೆ. ವೋಲ್ಟೇಜ್ ಕುಸಿದು ಮೋಡೆಮ್ ರೀಸೆಟ್ ಆಗುತ್ತಿತ್ತು. ಕೆಪಾಸಿಟರ್ ಬದಲಿಸಿದ ಮೇಲೆ ಆ ದೂರು ಬಂದಿಲ್ಲ.

ಚೇಂಬರಿನ ಪಿಟಿ-100 ಸೆನ್ಸರ್ ಹೇಳುವುದು ಒಳಗಿನ ಗಾಳಿಯ ತಾಪ ಮಾತ್ರ. ಟ್ರಾನ್ಸ್‌ಫಾರ್ಮರಿನಂಥ ಭಾರದ ಭಾಗ ಆ ಹಂತಕ್ಕೆ ಬರಲು ಜಾಸ್ತಿ ಹೊತ್ತು ಬೇಕು. ಹಾಗಾಗಿ ಬೋರ್ಡಿಗೇ ತಾಪ ಅಳೆಯುವ ಒಂದು ಕೆ-ಟೈಪ್ ಥರ್ಮೋಕಪಲ್ ಅಂಟಿಸಿ, ಬೋರ್ಡ್ ಆ ತಾಪಕ್ಕೆ ಬಂತು ಅಂತ ಅದು ಹೇಳಿದ ಮೇಲೆಯೇ ಸ್ಕ್ರಿಪ್ಟ್ ಸಮಯ ಎಣಿಸುವಂತೆ ಮಾಡಿದ್ದೇವೆ. ಯಾವ ಚೇಂಬರ್ ಕೊಂಡರೂ ಇದನ್ನು ಬಿಡಬೇಡಿ.

ಬೇಸರದ ವಿಷಯ ಅಂದರೆ ಕೈಪಿಡಿ. ಮಾಡ್‌ಬಸ್ ರಿಜಿಸ್ಟರ್‌ಗಳ ಪಟ್ಟಿ, ಅಂದರೆ ಆ ಪೋರ್ಟ್ ಮೂಲಕ ಯಂತ್ರದ ಯಾವ ಮಾಹಿತಿ ಯಾವ ನಂಬರಿನಲ್ಲಿ ಸಿಗುತ್ತದೆ ಅನ್ನುವುದು, ಅರ್ಧ ಪುಟ, ಅಷ್ಟೇ. 25 ಡಿಗ್ರಿ ಇದ್ದರೆ ಹತ್ತು ಪಟ್ಟಾಗಿ 250 ಅಂತ ಬರುತ್ತದೆ, ಅದನ್ನು ಊಹಿಸಬಹುದು. ಮೈನಸ್ 10 ಇದ್ದಾಗ 65436 ಅಂತ ಬರುತ್ತದೆ. ಅದನ್ನು 16 ಬಿಟ್‌ನ ಋಣ ಸಂಖ್ಯೆ ಅಂತ, ಅಂದರೆ 65536 ಕಳೆದು ಮೈನಸ್ 100 ಅಂತ ಓದಿಕೊಳ್ಳಬೇಕು ಅನ್ನುವ ಒಂದು ಸಾಲೂ ಕೈಪಿಡಿಯಲ್ಲಿಲ್ಲ. ಇಷ್ಟು ದುಬಾರಿ ಯಂತ್ರಕ್ಕೆ ಇದು ನ್ಯಾಯವಲ್ಲ. ಸರ್ವಿಸ್‌ಗೆ ಫೋನ್ ಮಾಡಿದರೆ ಜನ ಚೆನ್ನಾಗಿಯೇ ಮಾತಾಡುತ್ತಾರೆ, ಬರುವುದು ಮಾತ್ರ ತಡ.

ನಮ್ಮ ಊರಿನ ಹವೆಗೆ ಸಂಬಂಧಿಸಿದ್ದು ಇನ್ನೂ ಮುಖ್ಯ. ಜುಲೈ ತಿಂಗಳ ಮಂಗಳೂರಿನಲ್ಲಿ ತಣ್ಣಗಿನ ಚೇಂಬರ್ ಬಾಗಿಲು ತೆಗೆದರೆ ಬೋರ್ಡ್ ಮೇಲೆ ಕ್ಷಣದಲ್ಲಿ ನೀರು ಕೂರುತ್ತದೆ. ಐಸಿ ಕಾಲುಗಳ ನಡುವೆ ಹನಿ ಹನಿಯಾಗಿ ಕಾಣುತ್ತದೆ. ಪವರ್ ಇದ್ದರೆ ಶಾರ್ಟ್ ಗ್ಯಾರಂಟಿ ಅಲ್ವಾ? ಅದಕ್ಕೇ ನಮ್ಮ ಸ್ಕ್ರಿಪ್ಟ್ ಯಾವ ಟೆಸ್ಟ್ ಮುಗಿದರೂ ಬೋರ್ಡನ್ನು 40 ಡಿಗ್ರಿಗೆ ತಂದು, ಪವರ್ ತೆಗೆದ ಮೇಲೆಯೇ 'ಮುಗಿಯಿತು' ಅನ್ನುತ್ತದೆ.

ಗುಡುಗಿಗೆ ಕರೆಂಟ್ ಹೋಗುವುದು ಮಾಮೂಲು. ಕಂಪ್ಯೂಟರಿಗೆ ಯುಪಿಎಸ್ ಸಾಕು, ಕಂಪ್ರೆಸರಿಗೆ ಅಲ್ಲ. ಕರೆಂಟ್ ಬಂದ ಕೂಡಲೇ ಕಂಪ್ರೆಸರ್ ಶುರುವಾಗಬಾರದು, ಗ್ಯಾಸಿನ ಒತ್ತಡ ಸಮವಾಗಲು ಕೆಲವು ನಿಮಿಷ ಬಿಡಬೇಕು. ಈ ಯಂತ್ರ ಅದನ್ನು ತಾನಾಗಿಯೇ ನೋಡಿಕೊಳ್ಳುತ್ತದೆ, ಮೆಚ್ಚಬೇಕು. ತಾಪ ಮಿತಿಮೀರಿದರೆ ಹೀಟರ್ ಕಡಿಯುವ ಬೇರೆಯದೇ ಕಟ್‌ಆಫ್ ಕೂಡ ಇದೆ. ರಾತ್ರಿ ಯಾರೂ ಇಲ್ಲದಾಗ ಓಡಿಸುವವರು ಸ್ಕ್ರಿಪ್ಟ್ ಒಂದನ್ನೇ ನಂಬಿ ಮನೆಗೆ ಹೋಗಬಾರದು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕಡಲಿನ ಉಪ್ಪು ಗಾಳಿಗೆ ಶಾಖ ಹೊರಹಾಕುವ ಕಂಡೆನ್ಸರಿನ ಅಲ್ಯೂಮಿನಿಯಂ ರೆಕ್ಕೆಗಳು ಬೆಳ್ಳಗೆ ಪುಡಿಯಾಗುತ್ತಿವೆ. ಸುರತ್ಕಲ್, ಮಲ್ಪೆ ಕಡೆ ಕೊಳ್ಳುವವರು ಆರ್ಡರ್ ಕೊಡುವಾಗಲೇ ಕೋಟಿಂಗ್ ಇರುವ ಕಂಡೆನ್ಸರ್ ಕೇಳಿ, ರಿಜಿಸ್ಟರ್ ಪಟ್ಟಿಯನ್ನೂ ದುಡ್ಡು ಕಟ್ಟುವ ಮೊದಲೇ ತರಿಸಿಕೊಳ್ಳಿ.