ಸ್ಟಿಕ್ಕಿ ಕೀಸ್: ಕೈ ನೋವಿರೋರು ಒಂದ್ಸಲ ಆನ್ ಮಾಡಿ ನೋಡ್ಲೇಬೇಕು

ಶಿಫ್ಟ್ ಕೀನ ಐದು ಸಲ ಟಕಟಕ ಒತ್ತಿದ್ರೆ ಒಂದು ಬಾಕ್ಸ್ ಬರತ್ತಲ್ಲ, ಸ್ಟಿಕ್ಕಿ ಕೀಸ್ ಆನ್ ಮಾಡ್ಬೇಕಾ ಅಂತ, ಸುಮಾರು ಜನ ಅದಕ್ಕೆ ನೋ ಒತ್ತಿ ಮುಂದೆ ಹೋಗ್ಬಿಡ್ತಾರೆ, ಗೇಮ್ ಆಡೋ ಹುಡುಗರಂತೂ ಬೈಕೊಂಡೇ ಮುಚ್ತಾರೆ. ಆದ್ರೆ ಎರಡ್ಮೂರು ಕೀ ಒಟ್ಟಿಗೆ ಹಿಡಿಯೋ ಬದಲು ಒಂದಾದ್ಮೇಲೆ ಒಂದು ಒತ್ತೋಕೆ ಬಿಡೋ, ವಿಂಡೋಸ್ 95ರ ಕಾಲದಿಂದ ಸಿಸ್ಟಮ್ ಒಳಗೇ ಇರೋ ಈ ಫೀಚರ್ ಮಣಿಕಟ್ಟು ನೋವಿರೋರಿಗೆ, ಒಂದೇ ಕೈಲಿ ಟೈಪ್ ಮಾಡೋರಿಗೆ ಎಷ್ಟು ಉಪಕಾರ ಅನ್ನೋದು ಬಳಸಿದ್ಮೇಲೇ ಗೊತ್ತಾಗೋದು. ನಂಗೆ ಎಡಗೈ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾದಾಗಿಂದ ದಿನಾ ಇದ್ರಲ್ಲೇ ಕೆಲಸ, ಈಗ ತೆಗೆದ್ರೆ ಆಗೋದೇ ಇಲ್ಲ.

ಕೆಲಸ ಮಾಡೋ ರೀತಿ ತುಂಬಾ ಸಿಂಪಲ್. ಮಾಮೂಲಿಯಾಗಿ ಕಾಪಿ ಮಾಡೋಕೆ ಕಂಟ್ರೋಲ್ ಒತ್ತಿ ಹಿಡ್ಕೊಂಡೇ ಸಿ ಒತ್ಬೇಕು, ಇದ್ರಲ್ಲಿ ಕಂಟ್ರೋಲ್ ಒತ್ತಿ ಬಿಟ್ಬಿಡಿ, ಆಮೇಲೆ ನಿಧಾನಕ್ಕೆ ಸಿ ಒತ್ತಿ, ಅಷ್ಟೇ. ಟಾಸ್ಕ್ ಮ್ಯಾನೇಜರ್ ತೆಗೆಯೋ ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಕೂಡ ಒಂದಾದ್ಮೇಲೆ ಒಂದು, ಒಂದೇ ಬೆರಳಲ್ಲಿ ಆಗತ್ತೆ. ಆಲ್ಟ್ ಟ್ಯಾಬ್ ಹೆಂಗಪ್ಪಾ ಅಂತೀರಾ, ಅದಕ್ಕೆ ಲಾಕ್ ಇದೆ: ಆಲ್ಟ್ ಎರಡು ಸಲ ಒತ್ತಿದ್ರೆ ಹಿಡಿದಂಗೇ ಇರತ್ತೆ, ಟ್ಯಾಬ್ ಒತ್ತುತ್ತಾ ಬೇಕಾದ ವಿಂಡೋಗೆ ಹೋಗಿ, ಮತ್ತೆ ಒಂದ್ಸಲ ಆಲ್ಟ್ ಒತ್ತಿದ್ರೆ ಬಿಟ್ಕೊಳತ್ತೆ. ಯಾವ ಕೀ ಹಿಡಿದಿದೆ ಅಂತ ಕೆಳಗಡೆ ಟಾಸ್ಕ್‌ಬಾರ್‌ನಲ್ಲಿರೋ ಪುಟ್ಟ ಐಕಾನ್ ತೋರಿಸತ್ತೆ.

ಕನ್ನಡ ಟೈಪ್ ಮಾಡೋರಿಗಂತೂ ಇದು ಇನ್ನೂ ಜಾಸ್ತಿ ಬೇಕು. ವಿಂಡೋಸ್ ಜೊತೆ ಬರೋ ಇನ್‌ಸ್ಕ್ರಿಪ್ಟ್ ಅನ್ನೋ ಕನ್ನಡ ಕೀಬೋರ್ಡ್ ಲೇಔಟಲ್ಲಿ ಕೆ ಒತ್ತಿದ್ರೆ ಕ, ಖ ಬೇಕಂದ್ರೆ ಶಿಫ್ಟ್, ಘ ಧ ಭ ಎಲ್ಲಕ್ಕೂ ಶಿಫ್ಟ್, ಪದದ ಶುರುವಲ್ಲಿ ಬರೋ ಅ, ಆ, ಇ, ಈ ಅಕ್ಷರಗಳಿಗೂ ಶಿಫ್ಟ್, ಹಿಂಗಾಗಿ ಒಂದು ಪುಟ ಮುಗಿಯೋ ಹೊತ್ತಿಗೆ ಕಿರುಬೆರಳು ಸೋತು ಹೋಗಿರತ್ತೆ. ಈಗ ಶಿಫ್ಟ್ ಮುಟ್ಟಿ ಬಿಟ್ಟು ಮುಂದಿನ ಅಕ್ಷರ ಒತ್ತೋದು ಅಷ್ಟೇ, ಸ್ಪೀಡ್ ಸ್ವಲ್ಪ ಕಮ್ಮಿ ಆಗತ್ತೆ ನಿಜ, ಆದ್ರೆ ಸಂಜೆ ಹೊತ್ತಿಗೆ ಕೈ ಹಿಡ್ಕೊಂಡು ಕೂರೋದು ತಪ್ಪಿದೆ.

ಒಂದು ಕೊರತೆ ಹೇಳ್ಲೇಬೇಕು. ಎರಡು ಕೀ ಒಟ್ಟಿಗೆ ಒತ್ತಿದ್ರೆ ಸ್ಟಿಕ್ಕಿ ಕೀಸ್ ಆಫ್ ಆಗ್ಲಿ ಅನ್ನೋ ಆಯ್ಕೆ ಮೊದಲಿಂದಲೇ ಆನ್ ಇರತ್ತೆ. ಮನೇಲಿ ಒಂದೇ ಕಂಪ್ಯೂಟರ್ ಎಲ್ಲರೂ ಬಳಸೋದಾದ್ರೆ ಬೇರೆಯೋರು ಬಂದು ಮಾಮೂಲಿ ಥರ ಕಂಟ್ರೋಲ್ ಸಿ ಒತ್ತಿದ ತಕ್ಷಣ ಇದು ಹೋಗ್ಬಿಡತ್ತೆ, ಕೈ ನೋವಿರೋರಿಗೆ ಯಾಕೆ ಕೆಲಸ ಮಾಡ್ತಿಲ್ಲ ಅಂತಾನೇ ತಿಳಿಯಲ್ಲ. ವಿಂಡೋಸ್ ಕೀ ಮತ್ತು ಯು ಒತ್ತಿ ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್ ತೆಗೆದು, ಕೀಬೋರ್ಡ್ ಒಳಗೆ ಸ್ಟಿಕ್ಕಿ ಕೀಸ್‌ಗೆ ಹೋಗಿ ಆ ಆಯ್ಕೆ ಆಫ್ ಮಾಡಿ, ಮೊದಲು ಮಾಡ್ಬೇಕಾದ ಕೆಲಸ ಅದು. ಬೇಡ ಅನ್ನೋ ಗೇಮರ್‌ಗಳೂ ಅಲ್ಲೇ ಐದು ಸಲದ ಶಾರ್ಟ್‌ಕಟ್ ಮಾತ್ರ ಆಫ್ ಮಾಡ್ಕೋಬಹುದು.

ಪಕ್ಕದಲ್ಲೇ ಫಿಲ್ಟರ್ ಕೀಸ್ ಅಂತ ಇದೆ, ಕೈ ನಡುಗೋರಿಗೆ, ಒಂದೇ ಅಕ್ಷರ ಎರಡೆರಡು ಸಲ ಬೀಳೋರಿಗೆ. ಬಲಗಡೆ ಶಿಫ್ಟ್ 8 ಸೆಕೆಂಡ್ ಒತ್ತಿ ಹಿಡಿದ್ರೆ ಅದರ ಬಾಕ್ಸ್ ಬರತ್ತೆ, ಗೊತ್ತಿಲ್ದೆ ಯೆಸ್ ಕೊಟ್ರೆ ಕೀಬೋರ್ಡೇ ಸತ್ತಂಗೆ ಅನ್ಸತ್ತೆ, ಯಾಕಂದ್ರೆ ಆಗ ಪ್ರತಿ ಕೀನೂ ಸ್ವಲ್ಪ ಹೊತ್ತು ಒತ್ತಿ ಹಿಡಿದ್ರೇನೇ ಅಕ್ಷರ ಮೂಡೋದು. ಹೊಸ ಕೀಬೋರ್ಡ್ ತರೋಕೆ ಅಂಗಡಿಗೆ ಓಡೋ ಮುಂಚೆ ಇದೊಂದು ಚೆಕ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಈ ಒತ್ತಿ ಹಿಡಿದು ಕಾಯೋ ಸಮಯ ಕಮ್ಮಿ ಮಾಡ್ಕೊಂಡ್ರೆ ವಯಸ್ಸಾದೋರಿಗೆ ಬಹಳ ಒಳ್ಳೇದು. ಅಲ್ಲೇ ಇರೋ ಇನ್ನೊಂದು ಆಯ್ಕೆ ಟಾಗಲ್ ಕೀಸ್, ಅದು ಕ್ಯಾಪ್ಸ್ ಲಾಕ್ ಒತ್ತಿದಾಗ ಸದ್ದು ಮಾಡತ್ತೆ, ಅಷ್ಟೇ.

ಮ್ಯಾಕ್‌ನಲ್ಲೂ ಸ್ಟಿಕ್ಕಿ ಕೀಸ್ ಇದೆ, ಅಲ್ಲಿ ಒತ್ತಿದ ಕೀಯ ಗುರುತು ಸ್ಕ್ರೀನ್ ಮೇಲೇ ದೊಡ್ಡದಾಗಿ ಕಾಣತ್ತೆ, ಆ ಒಂದು ವಿಷಯದಲ್ಲಿ ಅದೇ ವಾಸಿ. ಉಬುಂಟು ಬಳಸೋರಿಗೂ ಸೆಟ್ಟಿಂಗ್ಸ್‌ನಲ್ಲಿ ಸಿಗತ್ತೆ. ಇನ್ನು ಪಾಸ್‌ವರ್ಡಲ್ಲಿ ದೊಡ್ಡಕ್ಷರ ಇದ್ದು ಲಾಗಿನ್ ಆಗೋಕೇ ಕಷ್ಟ ಆಗ್ತಿದ್ರೆ, ವಿಂಡೋಸ್ ಲಾಗಿನ್ ಸ್ಕ್ರೀನ್‌ನ ಕೆಳಗಡೆ ಬಲಮೂಲೆಯಲ್ಲಿರೋ ಆಕ್ಸೆಸಿಬಿಲಿಟಿ ಬಟನ್ ಒತ್ತಿ, ಅಲ್ಲೂ ಸ್ಟಿಕ್ಕಿ ಕೀಸ್ ಆನ್ ಮಾಡ್ಕೋಬಹುದು.