ಮೊಸರು ಅಳೆಯಲಿಕ್ಕೆ ಸ್ಟೀಲ್ ಕಪ್ಪೋ, ಡಿಜಿಟಲ್ ತಕ್ಕಡಿಯೋ?

ಹುಬ್ಬಳ್ಳಿಯ ದುರ್ಗದಬೈಲಿನಂಥ ಪೇಟೆಯಲ್ಲಿ ಸಿಗುವ ನಾಲ್ಕು ಕಪ್ಪಿನ ಸ್ಟೀಲ್ ಸೆಟ್ ನೋಡಲು ಚೆಂದ, ತೊಳೆಯಲು ಸುಲಭ. ಆದರೆ ಹಲವು ಸೆಟ್‌ಗಳ ಹಿಡಿಕೆಯ ಮೇಲೆ ‘1 ಕಪ್’ ಅಂತಷ್ಟೇ ಇರುತ್ತದೆ, ಎಷ್ಟು ಎಂಎಲ್ ಎಂಬುದೇ ಇರುವುದಿಲ್ಲ. ಕಪ್ಪಿನ ಕಂಠದವರೆಗೆ ನೀರು ತುಂಬಿ, ಆ ನೀರನ್ನಷ್ಟೇ ತೂಗಿ. 237–240 ಗ್ರಾಂ ಬಂದರೆ ಅಮೆರಿಕದ ಅಳತೆ, 250 ಬಂದರೆ ಮೆಟ್ರಿಕ್.

ಮೊಸರು ನೀರಿಗಿಂತ ತುಸು ಭಾರ: 100 ಎಂಎಲ್‌ಗೆ ಸುಮಾರು 103 ಗ್ರಾಂ. ಹಾಗಾಗಿ 240ರ ಕಪ್ಪಿಗೆ 247 ಗ್ರಾಂ, 250ರದಕ್ಕೆ 258. ನಂದಿನಿಯ ಅರ್ಧ ಕೆಜಿ ಪಾಕೀಟು ಅಂದರೆ ಸುಮಾರು 485 ಎಂಎಲ್. ಅಂದರೆ ಇಂಗ್ಲಿಷ್ ರೆಸಿಪಿಯಲ್ಲಿ ‘ಎರಡು ಕಪ್ ಮೊಸರು’ ಅಂತಿದ್ದರೆ ಅಳೆಯುವ ಗೋಜೇ ಬೇಡ, ಪಾಕೀಟು ಒಡೆದು ಸುರಿದರಾಯಿತು.

ಇದೆಲ್ಲ ಕದಡಿದ ಮೊಸರಿನ ಲೆಕ್ಕ. ಗಡಿಗೆಯ ಗಟ್ಟಿ ಮೊಸರನ್ನು ಚಮಚದಿಂದ ತೆಗೆದು ಕಪ್ಪಿಗೆ ಹಾಕಿದರೆ ಗಡ್ಡೆಗಳ ನಡುವೆ ಪೊಳ್ಳು ಉಳಿಯುತ್ತದೆ, ತೂಕ ಕಡಿಮೆ ಬರುತ್ತದೆ. ನೊರೆ ಬರುವಷ್ಟು ಕಡೆದರೂ ಅದೇ ಕಥೆ. ಚಮಚದಿಂದ ನಾಲ್ಕು ಸುತ್ತು ಕದಡಿ, ತುಂಬಿ, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ. ಒಳಗೆ ಅಂಟಿದ್ದನ್ನು ಬಳಿದು ಹಾಕುವುದು ಮರೆಯಬೇಡಿ.

ಡಿಜಿಟಲ್ ತಕ್ಕಡಿಯಲ್ಲಿ ಈ ತಾಪತ್ರಯ ಇಲ್ಲ. ಬೋಗುಣಿ ಇಟ್ಟು, ‘ಟೇರ್’ ಒತ್ತಿ ಸೊನ್ನೆ ಮಾಡಿ, ನೇರವಾಗಿ ಸುರಿಯಿರಿ. ಕೊಳ್ಳುವಾಗಲೇ ಹತ್ತು ರೂಪಾಯಿಯ ಹತ್ತು ನಾಣ್ಯ ಇಟ್ಟು ನೋಡಿ: ಒಂದಕ್ಕೆ ಸುಮಾರು 7.7 ಗ್ರಾಂ, ಒಟ್ಟು 77 ತೋರಿಸಬೇಕು. ಎರಡು ದೋಷ ಮಾತ್ರ ಗೊತ್ತಿರಲಿ. ನಿಧಾನಕ್ಕೆ ಹಾಕುತ್ತಿದ್ದರೆ ನಡುವೆಯೇ ತಾನಾಗಿ ಆರಿಹೋಗಿ ಟೇರ್ ಅಳಿಸುತ್ತದೆ. ಆದ್ದರಿಂದ ಖಾಲಿ ಬೋಗುಣಿಯ ತೂಕವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಇನ್ನೊಂದು, ‘ಎಂಎಲ್’ ಗುಂಡಿ. ಅದು ಅಳೆಯುವುದು ತೂಕವನ್ನೇ, ನೀರಿನ ಲೆಕ್ಕದಲ್ಲಿ ಬದಲಿಸಿ ತೋರಿಸುತ್ತದೆ ಅಷ್ಟೇ. 250 ಎಂಎಲ್ ಅಂದಾಗ ಬೋಗುಣಿಯಲ್ಲಿರುವ ಮೊಸರು ನಿಜಕ್ಕೂ 243. ಕೆಲವು ಮಾದರಿಗಳಲ್ಲಿ ಹಾಲಿನ ಗುರುತೂ ಇರುತ್ತದೆ, ಮೊಸರಿಗೆ ಅದೇ ಸರಿ.

ಪಳದ್ಯಾ ಎಂಬ ಮೊಸರಿನ ಸಾರಿಗೆ ಇಷ್ಟೆಲ್ಲ ಬೇಕೇ? ಬೇಡ. ಅರ್ಧ ಕೆಜಿ ಮೊಸರಿಗೆ ಎರಡು ದೊಡ್ಡ ಚಮಚ ಕಡಲೆಹಿಟ್ಟು ಕಲಸಿ ಸಣ್ಣ ಉರಿಯಲ್ಲಿ ತಿರುವುತ್ತಿದ್ದರೆ ಒಡೆಯುವುದಿಲ್ಲ. ಮೊಸರು ಹದಿನೈದು ಗ್ರಾಂ ಹೆಚ್ಚುಕಡಿಮೆಯಾದರೆ ಯಾರಿಗೂ ತಿಳಿಯುವುದಿಲ್ಲ. ಮಜ್ಜಿಗೆಗಂತೂ ಕಪ್ಪೂ ಬೇಡ, ತಂಬಿಗೆ ಸಾಕು.

ತಕ್ಕಡಿಯ ದುಡ್ಡು ವಸೂಲಾಗುವುದು ಶ್ರೀಖಂಡದಲ್ಲಿ. ಚಕ್ಕಾ (ನೀರು ಬಸಿದ ಗಟ್ಟಿ ಮೊಸರು), ಸಕ್ಕರೆ ಸಮಸಮ ಎಂಬ ಮಾತು ತೂಕದ್ದು. ಕಪ್ಪಿಗೆ ಕಪ್ ಹಾಕಿದರೆ, 250 ಎಂಎಲ್ ಸಕ್ಕರೆ 210 ಗ್ರಾಂ ಆಸುಪಾಸು, ಒತ್ತಿ ತುಂಬಿದ ಚಕ್ಕಾ 260. ಸಿಹಿ ಐವತ್ತು ಗ್ರಾಂ ಕಡಿಮೆ ಬಿತ್ತು. ಅದಲ್ಲದೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ ಮೊಸರು ಎಷ್ಟು ನೀರು ಬಿಟ್ಟಿದೆ ಎಂಬುದು ದಿನಕ್ಕೊಂದು ಥರ. ಒಂದು ಕೆಜಿ ಮೊಸರಿಗೆ ಚಕ್ಕಾ 400 ಗ್ರಾಂ ಬರಬಹುದು, 500 ಕೂಡ. ಗಂಟು ಬಿಚ್ಚಿದ ಮೇಲೆ ತೂಗಿ, ಆಮೇಲೆ ಸಕ್ಕರೆ ಅಳೆಯಿರಿ.

ಮೊಟ್ಟೆ ಇಲ್ಲದ ಕೇಕಿಗೂ ತಕ್ಕಡಿಯೇ. ಒಂದು ಕಪ್ ಮೊಸರಿನ ಹುಳಿ ಸುಮಾರು ಅರ್ಧ ಟೀಚಮಚ ಅಡುಗೆ ಸೋಡಾವನ್ನು ಮುಗಿಸುತ್ತದೆ. ಮೊಸರು ಕಡಿಮೆಯಾದರೆ ಮಿಕ್ಕ ಸೋಡಾ ಬಾಯಿಗೆ ಸಾಬೂನಿನ ಹಾಗೆ ಹತ್ತುತ್ತದೆ. ಸೋಡಾ ಅಳೆಯಲು ಮಾತ್ರ ಚಮಚವೇ ಬೇಕು, ಎರಡು-ಮೂರು ಗ್ರಾಂ ಅನ್ನು ಅಡುಗೆಮನೆಯ ತಕ್ಕಡಿ ನೆಟ್ಟಗೆ ಹಿಡಿಯುವುದಿಲ್ಲ.